ಆಕಳಿಕೆ

ಬೆಳಿಗ್ಗೆ ಒಂಬತ್ತಕ್ಕೆ
ಗುರಾಮನ ಒಳ್ಳೆಯ ಕೈಯನ್ನು ಕಟ್ಟಿಹಾಕುವುದು ನನ್ನ ಕೆಲಸ.
ಎಡಗೈ. ಅದರದೇನೂ ತಪ್ಪಿಲ್ಲ.
ಅವನ ರೊಟ್ಟಿ ಅಂಗಡಿಯಿಂದಲೇ ತರಿಸಿದ ದಪ್ಪ ಕೈಗವಸು,
ಹೆಬ್ಬೆರಳ ಬುಡದಲ್ಲಿ ಸುಟ್ಟ ಕಲೆ,
ಅದರೊಳಗೆ ಐದೂ ಬೆರಳು ತೂರಿಸಿ
ಮಣಿಕಟ್ಟಿಗೆ ಎರಡು ಸುತ್ತು ಪಟ್ಟಿ ಬಿಗಿಯುತ್ತೇನೆ.
ದುಡಿಯೋ ಮಗನನ್ನ ಕೂಡಿಹಾಕಿ
ಮಲಗಿದವನಿಗೆ ಬಡಿಸ್ತೀಯಲ್ಲೇ, ಎಂದು ಬೈಯುತ್ತಾನೆ
ಅರ್ಧ ಬಾಯಲ್ಲಿ.
ಉಳಿದರ್ಧ ಇನ್ನೂ ಏಪ್ರಿಲ್ಲಿನಲ್ಲೇ ಇದೆ,
ಒಲೆಯ ಬಾಯಿಗೆ ಬಗ್ಗಿದವನು
ಮೇಲೇಳದೇ ಹೋದ ಆ ಮುಂಜಾವದಲ್ಲಿ.

ಮೇಜಿನ ಮೇಲೆ ಎರಡು ಬೋಗುಣಿ, ಒಂದರ ತುಂಬ ಅಕ್ರೋಟು.
ಇದರಿಂದ ಅದಕ್ಕೆ, ಅದರಿಂದ ಇದಕ್ಕೆ,
ನೂರಾ ನಲವತ್ತು ಸಲ. ಊಟವಾದ ಮೇಲೆ ಮತ್ತೆ ಅಷ್ಟೇ.

ಮೊದಮೊದಲು ಆ ಬಲಗೈ ನಾದಿಟ್ಟು ಮರೆತ ಹಿಟ್ಟು.
ಎತ್ತಿ ಬಿಟ್ಟರೆ ಬಿದ್ದಲ್ಲೇ ಹರಡಿಕೊಳ್ಳುತ್ತಿತ್ತು.
ಮಡಚು ಅಂದರೆ ಇಲ್ಲ, ಬಿಡಿಸು ಅಂದರೆ ಇಲ್ಲ,
ಬಸ್ಸಿನಲ್ಲಿ ಯಾರೋ ಬಿಟ್ಟುಹೋದ ಚೀಲ ನೋಡುವಂತೆ
ಅದನ್ನೇ ನೋಡುತ್ತಿದ್ದ.
ಹದಿನೆಂಟನೆಯ ದಿನ, ಮಧ್ಯಾಹ್ನ,
ಕಿಟಕಿಯಾಚೆ ರಿಯೋನಿ ನದಿ ಕೆಸರಾಗಿ ಸದ್ದು ಮಾಡುತ್ತಿತ್ತು,
ಗುರಾಮ್ ಆಕಳಿಸಿದ.
ಕೈ ಎದ್ದಿತು.

ಹೌದು, ಅದೇ ಕೈ. ಹೊದಿಕೆ ಸರಿಸಿ, ಮೊಣಕೈ ಮಡಚಿ,
ಎದೆ ದಾಟಿ, ಗದ್ದದವರೆಗೆ ಬಂದು
ಬಾಯಿ ಮುಚ್ಚುತ್ತಲೇ ಇಳಿದುಹೋಯಿತು.
ಎತೇರಿಯ ಕೈಯಿಂದ ಅರ್ಧ ಸುಲಿದ ಕಿತ್ತಳೆ ಜಾರಿತು.
ಶಿಲುಬೆ ಹಾಕ್ಕೊಂಡ್ರು, ನೋಡಿದೆಯಾ!
ಆಕಳಿಸಿದಾಗ ಬಾಯಿಗೆ ಶಿಲುಬೆ ಹಾಕಬೇಕು,
ಇಲ್ಲಾಂದ್ರೆ ಏನಾದರೂ ಒಳಗೆ ಹೋಗುತ್ತೆ,
ನಮ್ಮತ್ತೆ ಹೇಳ್ತಿದ್ದರು.
ಇನ್ನೊಮ್ಮೆ, ಇನ್ನೊಂದೇ ಸಲ, ಅಂದೆವು ಇಬ್ಬರೂ.
ಅವನು ಹಲ್ಲು ಕಚ್ಚಿದ. ಹಣೆಯ ನರ ಉಬ್ಬಿತು.
ಕೈಗೆ ಕೇಳಿಸಲೇ ಇಲ್ಲ.

ಪುಸ್ತಕದಲ್ಲಿ ಇದಕ್ಕೆ ಹೆಸರಿದೆ. ಹೇಳಲಿಲ್ಲ.
ಹೇಳಿದ್ದು ಇಷ್ಟು: ಮೇಲಿನ ಮಹಡಿ ಸುಟ್ಟಿದೆ.
ನೆಲಮಾಳಿಗೆಯಲ್ಲಿ ಒಬ್ಬ ಮುದುಕನಿದ್ದಾನೆ,
ಮೀನಿಗೂ ಹಲ್ಲಿಗೂ ಬಾಯಿ ತೆರೆಯುವುದ ಕಲಿಸಿದವನು.
ಉಸಿರಿನ ಹಗ್ಗ ಜಗ್ಗುವಾಗ ಒಮ್ಮೊಮ್ಮೆ
ಪಕ್ಕದ ಹಗ್ಗವೂ ಅವನ ಮುಷ್ಟಿಗೆ ಸಿಗುತ್ತದೆ.
ಅವನಿಗೆ ನಿನ್ನ ಹೆಸರು ಗೊತ್ತಿಲ್ಲ, ಗುರಾಮ್.
ನಮ್ಮ ಕೆಲಸ ಮೇಲೆ.

ಮೇಲೆ, ಕೈಯ ಕೋಣೆಗೆ ಅಂಟಿಕೊಂಡೇ ಮುಖದ ಕೋಣೆ.
ಕುತೈಸಿಯ ಹಳೆಯ ವಠಾರಗಳಲ್ಲಿ ಆಗುವಂತೆಯೇ,
ಬಾಗಿಲು ಕೆಲವು ವಾರ ಮುಚ್ಚಿದ್ದರೆ ಸಾಕು,
ಪಕ್ಕದವರು ಮೊದಲು ಒಂದು ಕುರ್ಚಿ ತಂದಿಡುತ್ತಾರೆ,
ಆಮೇಲೆ ಹಗ್ಗ ಕಟ್ಟಿ ಬಟ್ಟೆ ಒಣಹಾಕುತ್ತಾರೆ.
ಹೆಬ್ಬೆರಳು ಅಲುಗಿಸಹೊರಟರೆ
ಅವನ ತುಟಿ ಅಲುಗುವುದು ಅದಕ್ಕೇ.
ತೋರುಬೆರಳು ಮೊದಲ ಸಲ ಮಿಸುಕಿದ ದಿನವೇ
ನಾನು ಎಡಗೈ ಕಟ್ಟಿದ್ದೂ ಅದಕ್ಕೇ.
ದಿನಕ್ಕೆ ಇನ್ನೂರೆಂಬತ್ತು ಸಲ ಬಾಗಿಲು ತಟ್ಟುವುದು:
ಬಟ್ಟೆ ತೆಗೀರಿ ಸ್ವಾಮಿ, ಇಲ್ಲಿ ಒಬ್ಬನಿದ್ದ.

ಒಂದು ದಿನ ಕಟ್ಟಿದ ಕೈಯಿಂದಲೇ ಬೋಗುಣಿಗೆ ಗುದ್ದಿದ.
ಅಕ್ರೋಟು ಮಂಚದಡಿ, ಬೀರುವಿನಡಿ, ಕಾರಿಡಾರಿನವರೆಗೆ.
ಯಾರೂ ಮಾತಾಡಲಿಲ್ಲ.
ಆಮೇಲೆ ಅವನೇ ಮಂಡಿಯೂರಿ
ಒಂದೊಂದಾಗಿ ಆರಿಸಿದ, ಬಲಗೈಯಲ್ಲಿ,
ಪ್ರತಿ ಅಕ್ರೋಟಿಗೂ ಒಂದೊಂದು ಬೈಗುಳ.
ನಾನು ಎಣಿಸಲಿಲ್ಲ.

ಅಕ್ಟೋಬರಿನಲ್ಲಿ ಅವನ ಅಂಗಡಿಗೆ ಹೋದೆ.
ಹಗೇವಿನಂಥ ಮಣ್ಣಿನ ಒಲೆ. ಅಣ್ಣನ ಮಗ ಬೆಲ್ಟು ಹಿಡಿದಿದ್ದ,
ಗುರಾಮ್ ಸೊಂಟದವರೆಗೆ ಒಳಗೆ ಬಗ್ಗಿ
ಬಿಸಿ ಗೋಡೆಗೆ ರೊಟ್ಟಿ ಬಡಿದ.
ಮೊದಲನೆಯದು ಕೆಂಡಕ್ಕೆ ಬಿತ್ತು.
ಎರಡನೆಯದು ಅಂಟಿತು.
ಎರಡೂ ತುದಿ ಚೂಪಿರಬೇಕಾದ ರೊಟ್ಟಿ, ಒಂದು ಕಡೆ ಮೊಂಡು.
ಅದನ್ನೇ ಕೊಂಡೆ. ಎತೇರಿ ಪೂರಾ ದುಡ್ಡು ತೆಗೆದುಕೊಂಡಳು.

ಚಿಲ್ಲರೆ ಎಣಿಸುತ್ತ ದನಿ ತಗ್ಗಿಸಿ ಕೇಳಿದಳು:
ಈಗ ಆಕಳಿಸಿದರೆ ಕೈ ಏಳೋದೇ ಇಲ್ಲ.
ಎಲ್ಲಿ ಹೋದ, ಆ ಕೆಳಗಿನವನು?

ಇದ್ದಾನೆ, ಅಂದೆ.
ಮೇಲಿನವರು ಮನೆಯಲ್ಲಿದ್ದರೆ ಅವನು ಕೈಹಾಕುವುದಿಲ್ಲ.

ರಾತ್ರಿಯೆಲ್ಲ ಕಾದು ನೋಡ್ತೀನಿ, ಅಂದಳು,
ಒಂದು ಸಲ ಎದ್ದರೆ ಸಾಕು,
ಅವನಿಗೆ ಒಂದು ಮಾತು ಹೇಳೋದಿತ್ತು.